ಒಂದು ಹುಳ ಉಂಟಾ?

ನಮ್ಮ ಬಯಲಿನ ಪಳ್ಳ, ಅಂದರೆ ಕೆರೆ, ಕಳೆದ ವರ್ಷ ಶುದ್ಧವಾಯಿತು. ಎಷ್ಟು ಶುದ್ಧ ಅಂದರೆ, ಉದ್ಘಾಟನೆಯ ದಿನ ಮೆಟ್ಟಿಲಲ್ಲಿ ಬಗ್ಗಿ ನೋಡಿದರೆ ತಳದ ಟೈಲ್ಸಿನ ಹೂವಿನ ಎಸಳು ಎಣಿಸಬಹುದಿತ್ತು. ಪಂಚಾಯತಿನ ಎಂಜಿನಿಯರು ಬೊಗಸೆಯಲ್ಲಿ ನೀರೆತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. "ನೋಡಿ ಮಾಷೇ, ಒಂದು ಹುಳ ಉಂಟಾ?"

ಇರಲಿಲ್ಲ. ಈಜುಕೊಳದ ವಾಸನೆ ಇತ್ತು. ಹಿಂದಿನ ರಾತ್ರಿಯೇ ಬ್ಲೀಚಿಂಗ್ ಪೌಡರಿನ ಚೀಲಗಳು ಬಂದಿದ್ದವು.

ನಾನು ಇದೇ ಪಳ್ಳದ ನೀರನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಶಾಲೆಗೆ ಒಯ್ದು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ನೀರುಚಿಗಟ. ಡಾಫ್ನಿಯಾ ಎಂಬುದು ಪಠ್ಯಪುಸ್ತಕದ ಹೆಸರು; ನಮ್ಮಂಥ ಬಿಸಿನಾಡಿನಲ್ಲಿ ಹೆಚ್ಚು ಕಾಣುವುದು ಅದರ ಸಣ್ಣ ದಾಯಾದಿ ಮೊಯಿನಾ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮೈ ಗಾಜು, ಒಳಗೆ ಹೃದಯ ಟಪಟಪ. ಒಬ್ಬ ಹುಡುಗ ಎಣಿಸಲು ಹೋಗಿ ಸೋತು, "ಇದಕ್ಕೆ ಜ್ವರ ಉಂಟು ಸರ್" ಅಂದಿದ್ದ.

ಈ ಚುಕ್ಕೆಗಳ ಕಸುಬು ಒಂದೇ, ನೀರಿನ ಪಾಚಿಕಣಗಳನ್ನು ಸೋಸಿ ತಿನ್ನುವುದು. ಹಗಲಲ್ಲಿ ಮೀನಿನ ಕಣ್ಣಿಗೆ ಬೀಳದಂತೆ ಆಳಕ್ಕಿಳಿದು, ರಾತ್ರಿ ಮೇಲೆ ಬಂದು ಪಾಳಿ ಮಾಡುವವೂ ಇವೆ. ಸಂಬಳವಿಲ್ಲ, ಯೂನಿಯನ್ ಇಲ್ಲ. ಕೇರಳದಲ್ಲಿ ಯೂನಿಯನ್ ಇಲ್ಲದೆ ಬದುಕಲು ಹೊರಟದ್ದೇ ಅವು ಮಾಡಿದ ತಪ್ಪೋ ಏನೋ.

ನೀರಿನಲ್ಲಿ ವಿಷವಿದೆಯೇ ಎಂದು ತಿಳಿಯಲು ಲೋಕದ ಪ್ರಯೋಗಾಲಯಗಳು ಡಾಫ್ನಿಯಾವನ್ನು ಅದರಲ್ಲಿ 48 ಗಂಟೆ ಬಿಟ್ಟು ನೋಡುತ್ತವೆ. ನಮ್ಮಲ್ಲಿ ಬೆಳಗಾಗುವುದರೊಳಗೆ ಫಲಿತಾಂಶ ಬಂತು, ಅದಕ್ಕೆ ಶಾಲು ಹೊದಿಸಿ ಸನ್ಮಾನವೂ ಆಯಿತು. 2000ದವರೆಗೆ ಹೆಲಿಕಾಪ್ಟರಿನಿಂದ ಗೇರುತೋಟಗಳಿಗೆ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಕಾಸರಗೋಡು ಜಿಲ್ಲೆ ಇದು. ನೀರಿನ ಹುಳ ಸತ್ತರೆ ಏನರ್ಥ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ ಅಂದುಕೊಂಡಿದ್ದೆ.

ಕಾಮಗಾರಿಯ ಬೋರ್ಡು ಪೂರ್ತಿ ಮಲಯಾಳದಲ್ಲಿತ್ತು. ಗಡಿನಾಡ ಕನ್ನಡಿಗರಾದ ನಮಗೆ ಇದು ಹೊಸತಲ್ಲ, ಅರ್ಜಿ ಬರೆದು ಬರೆದು ಕೈ ಪಳಗಿದೆ. ಆದರೆ ನೀರುಚಿಗಟಗಳು ತಲೆತಲಾಂತರದಿಂದ ಕನ್ನಡ ಮಾಷ್ಟ್ರ ಬಾಟಲಿಯಲ್ಲೇ ಬೆಳೆದವು. ಒಕ್ಕಲೆಬ್ಬಿಸುವ ನೋಟೀಸನ್ನಾದರೂ ಅವುಗಳ ಭಾಷೆಯಲ್ಲಿ ಅಂಟಿಸಬಹುದಿತ್ತು.

ಮೂರು ತಿಂಗಳಲ್ಲಿ ನೀರು ಹಸಿರು ತಿಮರೆ ತಂಬುಳಿಯಾಯಿತು. ಎಲೆ ಬಿತ್ತು, ಸಾಬೂನು ಬಿತ್ತು, ಪಾಚಿ ಎದ್ದಿತು, ತಿನ್ನುವವರು ಇಲ್ಲ. ಅದರ ಹಿಂದೆಯೇ ಸೊಳ್ಳೆ ಬಂತು. ಸೊಳ್ಳೆಮರಿ ಮುಕ್ಕುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಮರಿಗಳು ಮೊದಲು ಮುರಕಲ್ಲಿನ ಸಂದಿಯಲ್ಲಿದ್ದವು. ಈಗ ಸಂದಿಯೇ ಇಲ್ಲ, ಕಾಂಕ್ರೀಟಿಗೆ ನೀಲಿ ಪೇಂಟು. ವಿಯೆಟ್ನಾಮಿನ ಹಳ್ಳಿಗಳಲ್ಲಿ ಡೆಂಗ್ಯೂ ತಡೆಯಲು ನೀರುಚಿಗಟದಂಥದೇ ಸಣ್ಣ ನೀರುಹುಳ ಸೈಕ್ಲಾಪ್ಸಿನ ನಂಟ ಮೆಸೊಸೈಕ್ಲಾಪ್ಸನ್ನು ನೀರಿನ ತೊಟ್ಟಿಗಳಿಗೆ ಬೇಕೆಂದೇ ಬಿಟ್ಟರು, ಅದು ಸೊಳ್ಳೆಮರಿಗಳನ್ನು ತಿಂದು ಮುಗಿಸಿತು. ಸೈಕ್ಲಾಪ್ಸ್ ನಮ್ಮಲ್ಲಿ ಪುಕ್ಕಟೆ ಇತ್ತು. ಮೆಂಬರರಿಗೆ ಇದನ್ನು ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅದಕ್ಕೆ ಫಂಡ್ ಯಾವ ಹೆಡ್ಡಿನಲ್ಲಿ ಬರ್ತದೆ ಮಾಷ್ಟ್ರೇ?" ಅಂದರು.

ಕೊನೆಗೆ ಗಪ್ಪಿ ಮೀನು ಬಂತು, ಫೋಟೋ ಸಮೇತ. ಗಪ್ಪಿಗೆ ಸೊಳ್ಳೆಮರಿ ಬೇರೆ, ನೀರುಚಿಗಟ ಬೇರೆ ಎಂಬ ಭೇದವಿಲ್ಲ. ಎಲ್ಲಿಂದಾದರೂ ನಾಲ್ಕು ಬಂದು ಸೇರಿದ್ದರೆ ಅವೂ ಮುಗಿದವು. ಈಗ ಪಳ್ಳದ ನಡುವೆ ಬಣ್ಣದ ದೀಪದ ಕಾರಂಜಿ ಇಡುವ ಎಸ್ಟಿಮೇಟು ತಯಾರಾಗುತ್ತಿದೆ. ಹಸಿರು ನೀರಿಗೆ ಕೆಂಪು ದೀಪ ಚಂದ ಕಾಣಬಹುದು.

ಹೇಳಲು ಮರೆತೆ, ಪಳ್ಳದ ಹೂಳು. ಕೆರೆ ಒಣಗುವ ಸೂಚನೆ ಸಿಕ್ಕರೆ ನೀರುಚಿಗಟ ಗಟ್ಟಿ ಕವಚದ ಮೊಟ್ಟೆ ಇಟ್ಟು ಸಾಯುತ್ತದೆ. ಆ ಮೊಟ್ಟೆ ಕೆಸರಿನಲ್ಲಿ ದಶಕಗಟ್ಟಲೆ ಕಾಯಬಲ್ಲದು. ಟೆಂಡರು ಅಷ್ಟು ಕಾಯುವುದಿಲ್ಲ. ಹಿಟಾಚಿ ಬಂದು ಒಂದು ವಾರದಲ್ಲಿ ಆ ಕೆಸರನ್ನೆಲ್ಲ ತೋಡಿ, ಟಿಪ್ಪರಿನಲ್ಲಿ ನಮ್ಮ ನೆರೆಯ ಭಟ್ಟರ ಅಡಿಕೆ ತೋಟಕ್ಕೆ ಸುರಿದು ಹೋಗಿತ್ತು.

ಮೊನ್ನೆ ಮಳೆ ಬಿಟ್ಟ ಸಂಜೆ ಅವರ ತೋಟಕ್ಕೆ ಹೋಗಿದ್ದೆ. ನೀರು ಹೋಗುವ ಕಣಿಯಲ್ಲಿ ಮೊಣಕಾಲುದ್ದ ನೀರು, ತಿಳಿ, ತಳದಲ್ಲಿ ಬಿದ್ದ ಅಡಿಕೆ ಕಾಣುವಷ್ಟು. ಚಾ ಕುಡಿದ ಗಾಜಿನ ಲೋಟ ತೊಳೆದು ಒಂದು ಲೋಟ ನೀರು ಮೊಗೆದು ಬೆಳಕಿಗೆ ಹಿಡಿದೆ. ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಕುಪ್ಪಳಿಸುತ್ತಿದ್ದವು. ಖುಷಿಯಲ್ಲಿ ಲೋಟವನ್ನು ಭಟ್ಟರ ಕೈಗೆ ಕೊಟ್ಟೆ.

ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

"ಛೆ, ಹುಳ ಆಗಿದೆಯಲ್ಲ ಮಾಷ್ಟ್ರೇ. ಪಂಚಾಯತಿಗೆ ಹೇಳಿದರೆ ಆ ಪೌಡರು ಸ್ವಲ್ಪ ಕೊಟ್ಟಾರಾ?"