ಜೈಶಂಕರ್ ಟೋಪಿ, ಅಕ್ಕನ ಮಗನ ರಿಮೋಟು

ಅಕ್ಕನ ಮಗ ಮನೆಗೆ ಬರುವ ದಿನ ಟೀವಿ ರಿಮೋಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡಬೇಕು. ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಜೈಶಂಕರ್ ನಟಿಸಿದ ಹಳೇ ತಮಿಳು ಕೌಬಾಯ್ ಸಿನಿಮಾ ಹಾಕಿಕೊಂಡು ಕಾಲು ಚಾಚಿದ್ದೆ. ಕುದುರೆ ಓಡಿತು, ಧೂಳೆದ್ದಿತು, ಹೀರೋ ಕೈ ಸೊಂಟಕ್ಕೆ ಹೋಯಿತು. ಚಿತ್ರ ನಿಂತಿತು.

“ಮಾಮ, ಈ ಶಾಟ್ ನೋಡಿ. ಸೀದಾ ಇಟಲಿ ಡೈರೆಕ್ಟರ್ ಸೆರ್ಜಿಯೊ ಲಿಯೋನೆದು ಎತ್ತಿದಾರೆ.”

ಹುಡುಗ ಅದೇನೋ ಆನ್‌ಲೈನ್ ಫಿಲ್ಮ್ ಕೋರ್ಸ್ ಮಾಡಿದ್ದಾನೆ. ಅಂದಿನಿಂದ ಯಾವ ಸಿನಿಮಾವನ್ನೂ ಓಡಲು ಬಿಟ್ಟಿಲ್ಲ. ಅವನು ಕ್ಲೋಸಪ್ಪಿನ ಬಗ್ಗೆ ಹೇಳುತ್ತಲೇ ಇದ್ದ. ಜೈಶಂಕರ್ ಅರ್ಧ ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಟೋಪಿ ಓರೆಯಾಗಿಟ್ಟುಕೊಂಡು ನಿಂತೇ ಇದ್ದರು. ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆಯ ಸಿಳ್ಳೆಯ ಪಾಠ ಶುರುವಾಯಿತು. ಜೈಶಂಕರ್ ಹಾಗೇ ನಿಂತಿದ್ದರು. ಅಡುಗೆಮನೆಯಿಂದ ಬಂದ ಅಮ್ಮ “ನೆಟ್ ಹೋಯ್ತೇನೋ?” ಅಂದರು. ಕಾಫಿ ಕೊಟ್ಟು, ಕುಡಿದ ಲೋಟ ತಗೊಂಡು ಹೋಗಲು ಮತ್ತೆ ಬಂದವರು, “ಪಾಪ, ಇನ್ನೂ ಹೊಡೆದೇ ಇಲ್ಲವಾ ಅವನು?” ಎಂದು ಕನಿಕರಪಟ್ಟರು. ವಿಲನ್ ಪುಣ್ಯವಂತ. ಅಷ್ಟು ಹೊತ್ತಿನಲ್ಲಿ ಕೋಲಾರಕ್ಕೆ ಬಸ್ ಹತ್ತಿ ತಪ್ಪಿಸಿಕೊಳ್ಳಬಹುದಿತ್ತು.

ಇವನಿಗೆ ಹೇಗೆ ಹೇಳುವುದು? ನಾನು ಬೆಳೆದದ್ದು ಕೆ.ಜಿ.ಎಫ್‌ನಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಊರ ಪೇಟೆಗಳ ಹೆಸರೇ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ. ನೆಲದಡಿ ಚಿನ್ನ. ಅದನ್ನು ತೆಗೆದುಕೊಂಡ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು, ಒಂದು ಹುಲ್ಲುಕಡ್ಡಿಯಿಲ್ಲದೆ, ಗಾಳಿ ಬಂದರೆ ಊರಿಗೆಲ್ಲ ಪೌಡರ್ ಹಚ್ಚುತ್ತಿದ್ದವು. ಕೌಬಾಯ್ ಸಿನಿಮಾಗೆ ಇನ್ನೇನು ಬೇಕು? ಕುದುರೆ ಒಂದು ಕಡಿಮೆ ಇತ್ತು. ಅದನ್ನೂ ಜಟಕಾದವನು ಕೇಳಿದರೆ ಕೊಡುತ್ತಿರಲಿಲ್ಲ, ಬೈಯುತ್ತಿದ್ದ.

ಛಾಯಾಗ್ರಾಹಕ ಎಂ. ಕರ್ಣನ್ ನಿರ್ದೇಶನಕ್ಕಿಳಿದು 1972ರಲ್ಲಿ ‘ಗಂಗಾ’ ಎಂಬ ಕೌಬಾಯ್ ಸಿನಿಮಾ ಮಾಡಿದ್ದರು. ತೆಲುಗಿನ ನಟ ಕೃಷ್ಣ ರಾಜಸ್ಥಾನದ ಮರಳಿನಲ್ಲಿ ಕುದುರೆ ಓಡಿಸಿದ 1971ರ ‘ಮೋಸಗಾಳ್ಳಕು ಮೋಸಗಾಡು’ ತಮಿಳಿಗೆ ಡಬ್ ಆಗಿ ಬಂದಿತ್ತು. ಇವೆಲ್ಲ ಹಳತಾಗಿ, ಗೆರೆ ಬಿದ್ದು, ಮಳೆ ಸುರಿಯುವ ಪ್ರಿಂಟಾದ ಮೇಲೆ ನಮ್ಮ ಕೈಗೆ ಸಿಕ್ಕವು. ಥಿಯೇಟರಿನಲ್ಲಿ ಗುಂಡು ಹಾರುವ ಹೊತ್ತಿಗೆ ಗಣಿಯೊಳಗೆ ಬಂಡೆ ಸಿಡಿದು ನಿಜವಾಗಿಯೇ ಕುರ್ಚಿ ಅದುರಿದ್ದುಂಟು. ಇವನ ಹೋಮ್ ಥಿಯೇಟರ್ ಅದನ್ನು ಮಾಡಲಿ ನೋಡೋಣ. ಆದರೆ ಅದುರಿದ ಮರುಕ್ಷಣವೇ ಕೆಲವು ಹೆಂಗಸರು ಎದ್ದು ಹೊರಟುಬಿಡುತ್ತಿದ್ದರು. ಅವರ ಮನೆಯವರು ಆ ಪಾಳಿಯಲ್ಲಿ ಕೆಳಗಿರುತ್ತಿದ್ದರು.

ಬೆಂಗಳೂರಿಗೆ ಕಾಲೇಜಿಗೆ ಬಂದ ಮೇಲೆ ಒಬ್ಬ ಗೆಳೆಯ ಇಂಗ್ಲಿಷ್ ಸಿನಿಮಾಗೆ ಎಳೆದೊಯ್ದ. ಅದೇ ಲಿಯೋನೆಯ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’. ಮೊದಲ ಹತ್ತು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಸೌಂಡ್ ಕೆಟ್ಟಿದೆ ಅಂತ ನಾನು ಹಿಂದೆ ತಿರುಗಿ ಸಿಳ್ಳೆ ಹಾಕಿದೆ. ಆಮೇಲೆ ಚುರುಟು ಕಚ್ಚಿಕೊಂಡು ಕ್ಲಿಂಟ್ ಈಸ್ಟ್‌ವುಡ್ ಬಂದ. “ಲೋ, ಇವನು ಜೈಶಂಕರ್ ಸ್ಟೈಲ್ ಕದ್ದಿದ್ದಾನೆ ಕಣೋ!” ಅಂದೆ. ಮುಂದಿನ ಸಾಲಿನವರೂ ನಕ್ಕರು. ನಗಲಿ. ಆದರೆ ಆ ಸಿನಿಮಾದಲ್ಲಿ ಡ್ಯುಯೆಟ್ ಇಲ್ಲ, ಕಾಮಿಡಿ ಟ್ರ್ಯಾಕ್ ಇಲ್ಲ, ಕಣ್ಣೀರು ಹಾಕಲು ಒಬ್ಬ ತಾಯಿ ಇಲ್ಲ. ತಾಯಿ ಇಲ್ಲದೆ ಇಷ್ಟೊಂದು ಗುಂಡು ಯಾರಿಗಾಗಿ ಹಾರಿಸುತ್ತಾರೆ ಅನ್ನುವುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

“ಲಿಯೋನೆ ಕೂಡ ಮೊದಲ ವೆಸ್ಟರ್ನ್ ಹಿಟ್ಟನ್ನು ಜಪಾನಿನ ಡೈರೆಕ್ಟರ್ ಕುರೊಸಾವನ ‘ಯೊಜಿಂಬೊ’ದಿಂದ ಎತ್ತಿದ್ದು ಮಾಮ. ಜಪಾನಿನವರು ಕೇಸ್ ಹಾಕಿದ್ರು,” ಎಂದು ಹುಡುಗ ಹೆಮ್ಮೆಯಿಂದ ಹೇಳಿದ.

“ಹಾಗಾದ್ರೆ ಜೈಶಂಕರ್ ಮೇಲೆ ಯಾಕೋ ಕೋಪ?”

“ಲಿಯೋನೆ ಮಾಡಿದ್ದು ಹೋಮೇಜ್ ಮಾಮ, ಅಂದ್ರೆ ಗೌರವ ಸಲ್ಲಿಸೋದು.”

ಇಟಲಿಯವನು ಸ್ಪೇನಿನ ಅಲ್ಮೇರಿಯಾದಲ್ಲಿ ಅಮೆರಿಕ ಕಟ್ಟಿ, ಜಪಾನಿನ ಕಥೆ ಹೂಡಿದರೆ ಹೋಮೇಜ್. ಮದ್ರಾಸಿನ ಸಿನಿಮಾ ಕೇರಿ ಕೋಡಂಬಾಕಂನವರು ಟೋಪಿ ಹಾಕಿಕೊಂಡರೆ ಕಾಪಿ! ನನ್ನ ಕೈ ರಿಮೋಟಿನತ್ತ ಹೋಯಿತು. ಹುಡುಗ ಅದನ್ನು ಜೇಬಿಗಿಳಿಸಿದ. ಇಂಥ ವಿಷಯದಲ್ಲಿ ಅವನ ಕೈ ಯಾವ ಕೌಬಾಯ್‌ಗೂ ಕಡಿಮೆಯಿಲ್ಲ.

ಅಂತೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಜೈಶಂಕರ್ ಗುಂಡು ಹಾರಿಸಿದರು. ಅಮ್ಮ ಚಪ್ಪಾಳೆ ತಟ್ಟಿದರು.

ಹೋಗುವಾಗ ಹುಡುಗ ಹೊಸ ವರಾತ ತೆಗೆದ. ಅದೇ ಸೈನೈಡ್ ದಿಬ್ಬದ ಮೇಲೆ ಒಂದು ಕಿರುಚಿತ್ರ ತೆಗೆಯುತ್ತಾನಂತೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹುಟ್ಟಿದವನಿಗೆ ಅದು ‘ಲೊಕೇಶನ್’. ನನಗೂ ಪಾತ್ರ ಇದೆಯಂತೆ.

“ಹೀರೋನಾ?”

“ಮೊದಲ ಸೀನಲ್ಲೇ ಸಾಯೋ ಶೆರಿಫ್, ಮಾಮ.”

ಆಗಲಿ ಅಂದೆ. ಆದರೆ ಟೋಪಿ ಜೈಶಂಕರ್ ಟೋಪಿಯೇ ಆಗಿರಬೇಕು, ಸಾಯುವಾಗ ಒಂದು ಡೈಲಾಗ್ ಕೊಡಬೇಕು, ಅಳಲು ಒಬ್ಬ ತಾಯಿ ಬೇಕು. ತಾಯಿ ಪಾತ್ರಕ್ಕೆ ಅಮ್ಮ ಆಗಲೇ ಒಪ್ಪಿದ್ದಾರೆ. ನಿರ್ದೇಶಕರು ಇನ್ನೂ ಯೋಚಿಸುತ್ತಿದ್ದಾರೆ.