ವಡೆ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತದೆ!

ನಾನು ಹೇಳುತ್ತಿಲ್ಲ, ನಮ್ಮ ಮಾವನ ರಿಪೋರ್ಟ್ ಹೇಳುತ್ತಿದೆ.

ಹೋದ ಭಾನುವಾರ ಮಂಡ್ಯದ ನಮ್ಮ ಬಡಾವಣೆಯಲ್ಲಿ ಉಚಿತ ಹೃದಯ ತಪಾಸಣೆ ಶಿಬಿರ. ರಾತ್ರಿಯಿಂದ ಹನ್ನೆರಡು ಗಂಟೆ ಉಪವಾಸ ಇದ್ದು ಬೆಳಗ್ಗೆ 7ಕ್ಕೆ ಬನ್ನಿ ಅಂತ ಆಟೋಗೆ ಮೈಕು ಕಟ್ಟಿ ಕೂಗಿಸಿದ್ದರು. ಜನ ಬಂದರು. ರಕ್ತ ತೆಗೆಯುವ ಹುಡುಗಿಯೂ ಸಿರಿಂಜ್ ಹಿಡಿದು ರೆಡಿ. ಆದರೆ ದೀಪ ಹಚ್ಚದೆ ಸೂಜಿ ಚುಚ್ಚುವ ಹಾಗಿಲ್ಲವಲ್ಲ! ದೀಪ ಹಚ್ಚಬೇಕಾದ ಮುಖ್ಯ ಅತಿಥಿಗಳು ಹೊರಟಿದ್ದಾರೆ, ಶ್ರೀರಂಗಪಟ್ಟಣ ದಾಟಿದ್ದಾರೆ, ಇನ್ನೇನು ಬಂದೇಬಿಟ್ಟರು ಅಂತ ಮೈಕು ಎಂಟೂವರೆವರೆಗೂ ಒದರಿತು. ವಯಸ್ಸಾದವರು ತಲೆ ಸುತ್ತಿ ಬೀಳುವ ಹಾಗಾದರು. ಸಂಘಟಕರಿಗೆ ಕನಿಕರ ಬಂತು, ಅತಿಥಿಗಳಿಗೆ ಅಂತ ತರಿಸಿದ್ದ ಮದ್ದೂರು ವಡೆ, ಮೈಸೂರು ಪಾಕ್ ಎಲ್ಲರಿಗೂ ಹಂಚಿಬಿಟ್ಟರು.

ಮಾವ ಮೊದಲು ಬೇಡ ಅಂದರು. ಬಡಿಸುವ ಹುಡುಗ ವಡೆ ಕರಿದ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟನ್ನೇ ತಂದು ತೋರಿಸಿದ. ಹಸಿರು ಹೃದಯದ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ 'ಕೊಲೆಸ್ಟ್ರಾಲ್ ಮುಕ್ತ'. ಮೂರು ವಡೆ ಇಳಿಸಿದರು. ಮೈಸೂರು ಪಾಕಿನ ತುಪ್ಪದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಪ್ಯಾಕೆಟ್ ಇರಲಿಲ್ಲ ನೋಡಿ.

ಮೊಟ್ಟೆ, ಮಾಂಸ, ಹಾಲು, ತುಪ್ಪ, ತಿನ್ನೋದರಲ್ಲಿ ಕೊಲೆಸ್ಟ್ರಾಲ್ ಇರೋದು ಇಂಥದ್ದರಲ್ಲಿ. ಸೂರ್ಯಕಾಂತಿಯಲ್ಲಿ ಲೆಕ್ಕಕ್ಕೆ ಸಿಗುವಷ್ಟು ಯಾವತ್ತೂ ಇರಲಿಲ್ಲ. ಇಲ್ಲದ್ದರಿಂದ ಮುಕ್ತಿ ಕೊಟ್ಟು ಅದಕ್ಕೊಂದು ಹೃದಯ ಬರೆಯೋದಾದರೆ ನಮ್ಮ ಬೋರ್‌ವೆಲ್ ನೀರಿಗೂ ಬರೆಯಬಹುದು. ವನಸ್ಪತಿ ಡಬ್ಬಕ್ಕೂ ಇದೇ ಮಾತು ಸಲ್ಲುತ್ತಿತ್ತು. ಅದರೊಳಗಿನ ಟ್ರಾನ್ಸ್ ಕೊಬ್ಬು ಮಾತ್ರ ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ ಏರಿಸಿ ಒಳ್ಳೆಯ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ ಇಳಿಸುತ್ತಿತ್ತು, 2022ರಲ್ಲಿ ಅದಕ್ಕೆ ಶೇ 2ರ ಮಿತಿ ಬಂತು. ನಮ್ಮ ಬೀದಿಯ ಅಂಗಡಿಯಲ್ಲಿ ಈಗ ಆಲೆಮನೆ ಬೆಲ್ಲಕ್ಕೂ 'ಕೊಲೆಸ್ಟ್ರಾಲ್ ಇಲ್ಲ' ಅಂತ ಚೀಟಿ ಅಂಟಿದೆ. ನಿಜ, ಇಲ್ಲ. ಜಾಸ್ತಿ ತಿಂದರೆ ಅದನ್ನು ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಮಾಡುವ ಕೆಲಸ ನಮ್ಮ ಲಿವರ್‌ದು, ಬೆಲ್ಲದ್ದಲ್ಲ!

ಅತಿಥಿಗಳು ಹನ್ನೊಂದಕ್ಕೆ ಬಂದರು. ಕರಿದ ತಿಂಡಿ ಬಿಡಿ ಅಂತ ಇಪ್ಪತ್ತು ನಿಮಿಷ ಹೇಳಿದರು. ಆಮೇಲೆ ರಕ್ತ ತೆಗೆದರು. ಫಾರಂನಲ್ಲಿ 'ಉಪವಾಸ: ಹೌದು' ಅಂತ ಮೊದಲೇ ಅಚ್ಚು ಹಾಕಿಸಿದ್ದರಿಂದ ಯಾರೂ ಕೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಈಗ ಎಷ್ಟೋ ಕಡೆ ಉಪವಾಸ ಇಲ್ಲದೆಯೂ ತಪಾಸಣೆ ಮಾಡುತ್ತಾರೆ, ಆದರೆ ತಿಂದವರನ್ನು ತಿಂದವರು ಅಂತಲೇ ಬರೆದುಕೊಳ್ಳುತ್ತಾರೆ.

ಮಜಾ ಇರೋದು ರಿಪೋರ್ಟಿನಲ್ಲಿ. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯಲ್ಲ, 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದೇ ಎಲ್‌ಡಿಎಲ್. ಹೋದ ತಿಂಗಳು ಖಾಲಿ ಹೊಟ್ಟೆಯಲ್ಲಿ ಮಾವನದು ಒಟ್ಟು 220, ಎಚ್‌ಡಿಎಲ್ 35, ಟ್ರೈಗ್ಲಿಸರೈಡ್ 190. ಅಂದರೆ ಎಲ್‌ಡಿಎಲ್ 147. ಈ ಸಲ ಮೊದಲಿನ ಎರಡೂ ಅಷ್ಟೇ ಇವೆ. ಟ್ರೈಗ್ಲಿಸರೈಡ್ ಮಾತ್ರ ವಡೆ, ಪಾಕಿನ ಪುಣ್ಯದಿಂದ 340ಕ್ಕೆ ಏರಿದೆ. ಐದರಿಂದ ಭಾಗಿಸಿದರೆ 68, ಕಳೆದರೆ ಎಲ್‌ಡಿಎಲ್ 117! ಒಂದೇ ತಿಂಗಳಲ್ಲಿ 30 ಇಳಿಯಿತು, ಅದೂ ಕಾಗದದ ಮೇಲೆ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಸೂತ್ರವೇ ಕೈ ಎತ್ತುತ್ತಿತ್ತು. ಇನ್ನೊಂದು ವಡೆ ತಿನ್ನಬೇಕಿತ್ತು, ಅಷ್ಟೇ.

ಇದನ್ನೆಲ್ಲ ಮಾವನ ಮುಂದೆ ಕೂತು ಪೆನ್ನು ಹಿಡಿದು ಬಿಡಿಸಿ ಹೇಳಿದೆ. ಕೊನೆವರೆಗೂ ಕೇಳಿದರು.

"ಅದೆಲ್ಲ ಇರ್ಲಿ ಬುಡ್ಲಾ," ಅಂದರು, ಆಗಲೇ ಲ್ಯಾಮಿನೇಟ್ ಮಾಡಿಸಿದ್ದ ರಿಪೋರ್ಟನ್ನು ಒರೆಸುತ್ತಾ. "ಮುಂದಿನ ಕ್ಯಾಂಪು ಯಾವತ್ತು? ಅದೇ ಅತಿಥಿನ ಕರಿಯೋಕೆ ಹೇಳು."