ಪೂರ್ಣ ಸಾಕ್ಷರರ ಹೆಬ್ಬೆಟ್ಟು

ನಮ್ಮೂರ ರೇಷನ್ ಅಂಗಡಿಯ ಜಗಲಿಯಲ್ಲಿ ಒಂದು ಬಕೆಟ್ ನೀರು, ಪಕ್ಕದಲ್ಲೊಂದು ಹಳೇ ಬೈರಾಸು. ಬಂದವರು ಬೆರಳು ಅದ್ದಬೇಕು, ಒರೆಸಬೇಕು, ಮಷೀನಿನ ಮೇಲೆ ಇಡಬೇಕು. ದೇವಸ್ಥಾನಕ್ಕೆ ಹೋದರೆ ಕಾಲು ತೊಳೆಯುತ್ತೇವೆ, ಇಲ್ಲಿ ಬೆರಳು. ಒಲಿಯುವ ಸಾಧ್ಯತೆ ದೇವಸ್ಥಾನದಲ್ಲೇ ಸ್ವಲ್ಪ ಜಾಸ್ತಿ.

ಇದು 2024ರ ಅಕ್ಟೋಬರ್ ಮಾತು. ಮಸ್ಟರಿಂಗ್. ಕಾಸರಗೋಡು ಸಪ್ತಭಾಷೆಗಳ ನಾಡು ಅಂತ ನಾವು ಭಾಷಣ ಮಾಡುತ್ತೇವಲ್ಲ, ಆ ಏಳು ಭಾಷೆಯಲ್ಲೂ ಈ ಶಬ್ದ ಇರಲಿಲ್ಲ. ಈಗ ಏಳರಲ್ಲೂ ಉಂಟು. ಬಡವರಿಗೆ ಅಂತ ಇರುವ ಹಳದಿ ಕಾರ್ಡು, ಪಿಂಕ್ ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಬಂದು ‘ನಾನು ನಾನೇ’ ಅಂತ ಬೆರಳಿನಿಂದ ಸಾಬೀತು ಮಾಡಬೇಕು. ‘ನಾನು ಯಾರು’ ಅಂತ ಋಷಿಗಳು ಕಾಡಿನಲ್ಲಿ ಕೂತು ಜನ್ಮವಿಡೀ ಕೇಳಿಕೊಂಡರಂತೆ. ಪಾಪ, ಅವರಿಗೆ ಕೊನೇ ದಿನಾಂಕ ಇರಲಿಲ್ಲ. ನಮಗೆ ಇತ್ತು. ಅದೇ ವರ್ಷ ಮಾರ್ಚಿನಲ್ಲಿ ಒಮ್ಮೆ ಶುರು ಮಾಡಿ, ಸರ್ವರ್ ಮಲಗಿ, ಎಲ್ಲರನ್ನೂ ಮನೆಗೆ ಕಳಿಸಿದ್ದರು. ಬಡವರು ಬದುಕಿದ್ದಾರೋ ಇಲ್ಲವೋ ಅಂತ ನೋಡಲು ಹೊರಟ ಸರ್ವರ್ ತಾನೇ ಸತ್ತಿತ್ತು.

ನನ್ನ ಮುಂದೆ ಒಬ್ಬರು ಅಜ್ಜಿ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿದವರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ಸುತ್ತಿ ಹೆಬ್ಬೆರಳು ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿದೆ. ಮಷೀನು ಕೆಂಪು ದೀಪ ತೋರಿಸಿತು. ‘ತಲೆಗೆ ಉಜ್ಜಿ ಅಜ್ಜೀ’ ಅಂದರು ಅಂಗಡಿಯವರು. ಕೂದಲಿನ ಎಣ್ಣೆ ತಾಗಿದರೆ ಗೆರೆ ಏಳುತ್ತದಂತೆ. ಉಜ್ಜಿದರು. ಕೆಂಪು. ತೋರುಬೆರಳು, ನಡುಬೆರಳು, ಎಡಗೈ. ಹತ್ತೂ ಮುಗಿಯಿತು. ‘ಕಾಲಿನದ್ದು ಆಗ್ತದಾ?’ ಕೇಳಿದರು ಅಜ್ಜಿ. ಅಂಗಡಿಯವರು ನಗಲಿಲ್ಲ. ಬೆಳಗ್ಗಿನಿಂದ ಈ ಪ್ರಶ್ನೆ ಬರುತ್ತಿರುವುದು ಮೂರನೇ ಸಲವಂತೆ.

‘ಹಾಗಾದ್ರೆ ಸಹಿ ಹಾಕ್ಲಾ?’ ಅಂದರು ಅಜ್ಜಿ. ಸಹಿ ಬೇಡ.

ಇಲ್ಲೇ ನೋಡಿ ನನಗೆ ತಲೆ ತಿರುಗಿದ್ದು. 1991ರ ಏಪ್ರಿಲ್ 18ರಂದು ಕಲ್ಲಿಕೋಟೆಯ ಮಾನಾಂಚಿರ ಮೈದಾನದಲ್ಲಿ ಕೇರಳ ಪೂರ್ಣ ಸಾಕ್ಷರ ಅಂತ ಘೋಷಣೆಯಾಯಿತು. ಘೋಷಿಸಿದ್ದು ಮಂತ್ರಿ ಅಲ್ಲ, ವಯಸ್ಸಾದ ಮೇಲೆ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ. ಆ ಗಾಳಿ ನಮ್ಮ ಗಡಿಗೂ ಬೀಸಿತ್ತು. ಈ ಅಜ್ಜಿಯೂ ಆಗಲೇ ಸಹಿ ಕಲಿತವರು. ಸ್ಲೇಟಿನಲ್ಲಿ, ಚಿಮಿಣಿ ದೀಪದ ಬೆಳಕಿನಲ್ಲಿ, ದುಂಡನೆಯ ಕನ್ನಡ ಅಕ್ಷರದಲ್ಲಿ. ‘ಇನ್ನು ಹೆಬ್ಬೆಟ್ಟು ಒತ್ತುವ ಅವಮಾನ ಇಲ್ಲ’ ಅಂತ ಕಲಿಸಿದವರು ಹೇಳಿದ್ದರಂತೆ. ಮೂವತ್ತಮೂರು ವರ್ಷ ಕಳೆದು ಇಡೀ ರಾಜ್ಯವನ್ನು ಮತ್ತೆ ಹೆಬ್ಬೆಟ್ಟಿಗೆ ತಂದು ನಿಲ್ಲಿಸಿದ್ದೇವೆ. ವ್ಯತ್ಯಾಸ ಇಷ್ಟೇ. ಆಗ ಶಾಯಿ ಇತ್ತು, ಒತ್ತಿದರೆ ಮೂಡುತ್ತಿತ್ತು.

ಅಜ್ಜಿಯ ಸೆರಗು ಹಿಡಿದು ಮೊಮ್ಮಗಳು ನಿಂತಿದ್ದಳು. ಒಂದನೇ ಕ್ಲಾಸು. ಒಂದೇ ಕಾರ್ಡಿನವರು. ಅವಳ ಬೆರಳೂ ಕೆಂಪು ದೀಪ. ಅಜ್ಜಿಯದ್ದು ಸವೆದದ್ದು, ಇವಳದ್ದು ಮೂಡಿಯೇ ಇಲ್ಲ. ಐದು ವರ್ಷದೊಳಗಿನ ಮಕ್ಕಳ ಆಧಾರ್ ನೀಲಿ ಬಣ್ಣದ್ದು, ಅದರಲ್ಲಿ ಬೆರಳಿನ ಗುರುತು ಇರುವುದಿಲ್ಲ. ಐದು ತುಂಬಿದ ಮೇಲೆ ಹೋಗಿ ಬೆರಳು ಕೊಡಬೇಕು. ಹದಿನೈದಕ್ಕೆ ಮತ್ತೊಮ್ಮೆ. ಯಾಕೆಂದರೆ ಮಕ್ಕಳು ಬೆಳೆಯುತ್ತಾರೆ. ಮಕ್ಕಳ ಈ ಕೆಟ್ಟ ಅಭ್ಯಾಸದ ಬಗ್ಗೆ ಇಲಾಖೆಗೆ ತುಂಬಾ ಬೇಸರ ಇರಬೇಕು. ಉಣ್ಣುವುದಲ್ಲದೆ ಬೆಳೆಯುವುದೂ ಬೇರೆ! ಬೆಳೆಯಲಿ ಅಂತಲೇ ಅಕ್ಕಿ, ಬೆಳೆದರೆ ಬೆರಳು ಹೊಂದುವುದಿಲ್ಲ, ಹೊಂದದಿದ್ದರೆ ಅಕ್ಕಿಗೆ ಕತ್ತರಿ ಬೀಳುವ ಹೆದರಿಕೆ. ಸರಿಯಾದ ಅಂಗಿ ಹೊಲಿಯಬೇಕಾದರೆ ಮಗುವನ್ನು ಬೆಳೆಯದ ಹಾಗೆ ಇಟ್ಟುಕೊಳ್ಳಿ ಅಂದ ದರ್ಜಿಯ ಹಾಗೆ.

ಆಮೇಲೆ ಕಣ್ಣಿನ ಕ್ಯಾಂಪ್ ಬಂತು, ಮುಖ ನೋಡುವ ಆ್ಯಪ್ ಬಂತು. ಬೆರಳು ಇಲ್ಲದವರಿಗೆ ಕಣ್ಣು, ಕಣ್ಣು ಇಲ್ಲದವರಿಗೆ ಮುಖ. ಒಂದು ಹೊಟ್ಟೆ ಉಂಟು, ಅದನ್ನು ಮಾತ್ರ ಇನ್ನೂ ಯಾರೂ ಸ್ಕ್ಯಾನ್ ಮಾಡಲಿಲ್ಲ.

ಹಾಗೆ ಹೀಗೆ ಒಂದು ವರ್ಷ ದಾಟಿ 2025ರ ನವೆಂಬರ್ 1 ಬಂತು. ಈ ತಾರೀಕು ಬಂದರೆ ನಮಗೆ ಮೊದಲೇ ತಲೆಬಿಸಿ. ಗಡಿಯ ತಲಪಾಡಿ ದಾಟಿದರೆ ರಾಜ್ಯೋತ್ಸವ, ಈಚೆ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. 1956ರಿಂದ ಆಚೆಯ ಬಾವುಟ ನೋಡಿಕೊಂಡು ಈಚೆಯ ಪಾಯಸ ತಿನ್ನುವವರು ನಾವು. ಈ ಸಲ ಅದೇ ದಿನ ಕೇರಳ ‘ಅತಿದಾರಿದ್ರ್ಯ ಮುಕ್ತ’ ಅಂತ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ವಿಧಾನಸಭೆಯಲ್ಲೇ ಘೋಷಿಸಿದರು. ವಿರೋಧ ಪಕ್ಷದವರು ಎದ್ದು ಹೊರಗೆ ಹೋದರು. ಬಡತನವೂ ಅವರ ಹಿಂದೆಯೇ ಹೋಗಿರಬೇಕು.

ಸುಮ್ನೆ ಗೇಲಿ ಮಾಡುವುದು ಬೇಡ. ಕೆಲಸ ನಡೆದದ್ದು ಹೌದು. ಮನೆಮನೆಗೆ ಹೋಗಿ 64,006 ಕುಟುಂಬಗಳನ್ನು ಗುರುತಿಸಿದರು. ಊಟ, ಔಷಧಿ, ಆದಾಯ, ಸೂರು ಅಂತ ನೋಡಿ ಮನೆಗೊಂದು ಪ್ಲಾನ್ ಮಾಡಿದರು. ಎಷ್ಟೋ ಜನರಿಗೆ ಮನೆ ಆಯಿತು, ಕಾರ್ಡು ಆಯಿತು. ಬೇರೆ ಯಾವ ರಾಜ್ಯ ಇಷ್ಟು ಮಾಡಿದೆ ಅಂತ ಕೇಳಿದರೆ ನಾನು ಬಾಯಿ ಮುಚ್ಚುತ್ತೇನೆ. ನನ್ನ ತಕರಾರು ಲೆಕ್ಕದ ಕೊನೇ ಸಾಲಿನದ್ದು. ಆ 64,006ರಲ್ಲಿ 4,421 ಒಂಟಿ ಜನರ ಕುಟುಂಬಗಳು, ಅವರು ನಡುವೆ ತೀರಿಕೊಂಡರು. 261 ಅಲೆಮಾರಿ ಕುಟುಂಬಗಳು ಎಲ್ಲಿ ಹೋದವೋ ಸಿಗಲಿಲ್ಲ. 47 ಹೆಸರು ಎರಡೆರಡು ಕಡೆ ಇದ್ದವು. ಎಲ್ಲ ಕಳೆದು 59,277. ಬಡತನದಿಂದ ಹೊರಗೆ ಹೋಗಲು ಎರಡು ಗೇಟು ಉಂಟು ಅಂತಾಯಿತು. ಎರಡನೇ ಗೇಟಿನಲ್ಲಿ ಮಸ್ಟರಿಂಗ್ ಕೇಳುವುದಿಲ್ಲ.

ಇನ್ನು ಈ ‘ಅತಿದರಿದ್ರ’ ಅನ್ನುವ ಶಬ್ದ. ನಮ್ಮಲ್ಲಿ ಹಾಲು ಚೆಲ್ಲಿದ ಮಗುವಿಗೆ ಅಮ್ಮ ‘ದರಿದ್ರವೇ’ ಅಂತ ಬೈಯುತ್ತಾಳೆ. ಮಲಯಾಳದಲ್ಲಿ ಅದು ಸರಕಾರಿ ಹುದ್ದೆಯ ಹಾಗೆ ಗೌರವದ್ದು. ವಾರ್ಡಿನವರು ಹೆಸರು ಹೇಳಿ, ಪರಿಶೀಲನೆ ನಡೆದು, ಗ್ರಾಮಸಭೆ ಒಪ್ಪಿದರೆ ಮಾತ್ರ ದರಿದ್ರ. ಕನ್ನಡಿಗ ಅಲ್ಲಿಯವರೆಗೆ ತಲುಪುವುದೇ ಕಷ್ಟ. ನನ್ನ ಪರಿಚಯದವರೊಬ್ಬರು ಒಂದು ಕಚೇರಿಗೆ ಹೋಗಿ, ತಮಗೆ ತಿಳಿದ ಮಲಯಾಳದಲ್ಲಿ, ‘ಎಂಡೆ ಪೇರ್ ಪಟ್ಟಿಯಿಲ್ ಉಂಡೋ?’ ಅಂತ ಕೇಳಿದರು. ನಮ್ಮ ಪಟ್ಟಿ ಅವರಿಗೆ ಪಟ್ಟಿಕ. ಅವರ ಪಟ್ಟಿ ಅಂದರೆ ನಾಯಿ. ‘ನನ್ನ ಹೆಸರು ನಾಯಿಯಲ್ಲಿ ಉಂಟಾ’ ಅಂತ ಕೇಳಿದ ಹಾಗಾಯಿತು. ಗುಮಾಸ್ತರು ಒಮ್ಮೆ ಮೇಜಿನ ಕೆಳಗೆ ನೋಡಿದರಂತೆ. ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲೇ ಸರಕಾರದ ಜೊತೆ ವ್ಯವಹರಿಸಬಹುದು ಅಂತ 1969ರಲ್ಲೇ ಕಾನೂನು ಬಂದಿತ್ತು. ಕಾನೂನಿಗೆ ಬರುವ ಕನ್ನಡ ಕೌಂಟರಿಗೂ ಬರಬೇಕಲ್ಲ.

ಹೆಸರಿನ ಕತೆ ಇನ್ನೂ ಚೆಂದ. ನೀವು ನಾರಾಯಣ ಆಗಿದ್ದರೆ ಕಾರ್ಡಿನಲ್ಲಿ ನಾರಾಯಣನ್. ಗೋಪಾಲ ಆಗಿದ್ದರೆ ಗೋಪಾಲನ್. ಕೆಟ್ಟ ಮನಸ್ಸಿನಿಂದಲ್ಲ. ಕೊನೆಗೊಂದು ‘ನ್’ ಹಾಕದಿದ್ದರೆ ಮಲಯಾಳದವರಿಗೆ ಗಂಡಸು ಅರ್ಧವಾಗಿ ಕಾಣುತ್ತಾನೆ ಅಷ್ಟೆ. ಆದರೆ ಆಧಾರಿನಲ್ಲಿ ನಾರಾಯಣ, ಕಾರ್ಡಿನಲ್ಲಿ ನಾರಾಯಣನ್, ಮಗುವಿನ ಜನನ ಪತ್ರದಲ್ಲಿ ಮೂರನೆಯದು. ಒಂದು ಮಗುವಿಗೆ ಇಬ್ಬರು ಮೂವರು ಅಪ್ಪಂದಿರು, ಅಕ್ಕಿ ಒಬ್ಬನದ್ದೂ ಇಲ್ಲ. ಎರಡೂ ಒಬ್ಬರೇ ಅಂತ ಬರೆಸಲು ವಿಲ್ಲೇಜ್ ಆಫೀಸಿಗೆ ಎರಡು ಸಲ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಮೂರು ಸಲ. ಒಂದು ‘ನ್’ ಬಿಡಿಸಿಕೊಳ್ಳಲು ಐದು ದಿನದ ಕೂಲಿ. ಇಷ್ಟು ದುಬಾರಿ ವ್ಯಂಜನ ಬೇರೆ ಯಾವ ವರ್ಣಮಾಲೆಯಲ್ಲೂ ಇರಲಿಕ್ಕಿಲ್ಲ.

ಹೆಸರು ಸರಿಯಾಯಿತು ಅಂತಿಟ್ಟುಕೊಳ್ಳಿ. ಈಗ ಮನೆ ಅಳೆಯುತ್ತಾರೆ. ಸಾವಿರ ಚದರಡಿಗಿಂತ ಜಾಸ್ತಿ ಇದ್ದರೆ ಪಿಂಕ್ ಕಾರ್ಡು ಇಲ್ಲ. ಒಂದು ಎಕರೆಗಿಂತ ಜಾಸ್ತಿ ಜಾಗ ಇದ್ದರೆ ಇಲ್ಲ. ಸ್ವಂತಕ್ಕೆ ನಾಲ್ಕು ಚಕ್ರ ಇದ್ದರೆ ಇಲ್ಲ. ನಿಯಮ ತಪ್ಪು ಅಂತ ಹೇಳಲಾರೆ, ಕಾರಿನಲ್ಲಿ ಬಂದು ಬಿಟ್ಟಿ ಅಕ್ಕಿ ಒಯ್ದವರನ್ನು ನಾನೂ ನೋಡಿದ್ದೇನೆ. ಆದರೆ ನಮ್ಮ ಕಡೆಯ ಹಳೇ ಹಂಚಿನ ಮನೆಗಳು ಗೊತ್ತಲ್ಲ. ಅಜ್ಜನ ಕಾಲದ ಚಾವಡಿ, ಉಗ್ರಾಣ, ಹಿಂದೆ ಹಟ್ಟಿ. ಪಾಲಾಗಿ, ಅಡಿಕೆಗೆ ಹಳದಿ ರೋಗ ಬಂದು, ಗಂಡ ಸತ್ತು, ಎರಡು ಮಕ್ಕಳ ಜೊತೆ ಒಬ್ಬಳು ಉಳಿದಿದ್ದಾಳೆ. ಮಳೆಗಾಲದಲ್ಲಿ ಮೂವರೂ ಮಲಗುವುದು ಸೋರದ ಒಂದು ಮೂಲೆಯಲ್ಲಿ. ಸೋರುವ ಒಂಬೈನೂರು ಚದರಡಿಯೂ ಶ್ರೀಮಂತಿಕೆಗೆ ಸೇರಿತು. ಗೋಡೆ ಕೆಡವಿದರೆ ಬಡವಳಾಗುತ್ತಾಳೆ. ಆದರೆ ಕೆಡವಲು ದುಡ್ಡು ಬೇಕು.

ಇದನ್ನೂ ದಾಟಿದಿರಾ? ಈಗ ಸೀಟು ಇಲ್ಲ. 2013ರ ಆಹಾರ ಭದ್ರತಾ ಕಾನೂನಿನಲ್ಲಿ ಕೇರಳಕ್ಕೆ ಸುಮಾರು 1.54 ಕೋಟಿ ಜನರ ಲೆಕ್ಕ. ಅದು 2011ರ ಜನಗಣತಿಯ ಮೇಲೆ ಕಟ್ಟಿದ ಲೆಕ್ಕ. ಮುಂದಿನ ಗಣತಿ 2021ಕ್ಕೆ ಆಗಬೇಕಿತ್ತು, 2027ಕ್ಕೆ ಹೋಗಿದೆ. ಅಂದರೆ ಏಳನೇ ಕ್ಲಾಸಿನಲ್ಲಿ ಓದುವ ಹುಡುಗ ಸರಕಾರದ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ. ಅವನಿಗೆ ಹಸಿವಾಗುವುದು ಬರೀ ಅಧಿಕಪ್ರಸಂಗ. ಕಾಸರಗೋಡು–ಮಂಗಳೂರು ಬಸ್ಸಿನ ಹಾಗೆ, ಯಾರಾದರೂ ಇಳಿದರೆ ಮಾತ್ರ ಇನ್ನೊಬ್ಬರು ಕೂರಬಹುದು. ಮಸ್ಟರಿಂಗ್ ಯಾಕೆ ಅಂತ ಈಗ ಗೊತ್ತಾಯಿತಾ? ಇಳಿಸಲಿಕ್ಕೆ.

2011 ಒಂದು ವಿಚಿತ್ರ ವರ್ಷ. ನಾಲ್ಕಾಣೆಯ ನಾಣ್ಯ ಚಲಾವಣೆ ನಿಂತದ್ದೂ ಅದೇ ವರ್ಷ. ಜನರ ಲೆಕ್ಕವೂ ಅಲ್ಲೇ ನಿಂತಿತು. ಆದರೆ ಪೈಸೆಯ ಲೆಕ್ಕ ನಿಂತಿಲ್ಲ. 2025ರ ಮೇ 1ರಿಂದ ಪ್ರೈಮರಿ ಶಾಲೆಯ ಬಿಸಿಯೂಟಕ್ಕೆ, ಅಕ್ಕಿ ಬಿಟ್ಟು ಉಳಿದ ಸಾಮಾನಿಗೆ, ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ ಅಂತ ದಿಲ್ಲಿ ತೀರ್ಮಾನಿಸಿದೆ. ಬೇಳೆ, ತರಕಾರಿ, ಎಣ್ಣೆ, ಉಪ್ಪು, ಗ್ಯಾಸು ಎಲ್ಲ ಅದರೊಳಗೆ. ನನಗೆ ಆ 78 ಪೈಸೆಯ ಮೇಲೆ ಬಹಳ ಗೌರವ. 77 ಅಂದರೆ ಮಗು ಸೊರಗುತ್ತದೆ, 79 ಅಂದರೆ ಕೊಬ್ಬುತ್ತದೆ ಅಂತ ಯಾರೋ ರಾತ್ರಿ ನಿದ್ದೆಗೆಟ್ಟು ಕಂಡುಹಿಡಿದಿರಬೇಕು. ತೆಂಗಿನ ನಾಡಿನಲ್ಲಿ ಆ ದುಡ್ಡಿಗೆ ಚಟ್ನಿಗೆ ಕಾಯಿ ಕೇಳಿ ನೋಡಿ. ಅಂಗಡಿಯವನು ಗೆರಟೆ ಕೊಟ್ಟಾನು.

ಹುಟ್ಟುವ ಮೊದಲಿನ ಲೆಕ್ಕವೂ ಹೀಗೇ. ಅದೇ 2013ರ ಕಾನೂನು ಬಸುರಿಯರಿಗೆ ಕನಿಷ್ಠ 6,000 ರೂಪಾಯಿ ಅನ್ನುತ್ತದೆ. ಮಾತೃವಂದನಾ ಯೋಜನೆ ಬಂದು ಮೊದಲ ಮಗುವಿಗೆ 5,000 ಕೊಟ್ಟಿತು. ಎರಡನೆಯದು ಹೆಣ್ಣಾದರೆ 6,000, ಗಂಡಾದರೆ ಸೊನ್ನೆ. ಹೆಣ್ಣುಮಕ್ಕಳಿಗೆ ಪ್ರೋತ್ಸಾಹ ಅಂತ ಇಟ್ಟದ್ದು, ಒಪ್ಪೋಣ. ಆದರೆ ಗಂಡು ಹೆತ್ತವಳ ಮೈಯಿಂದ ರಕ್ತ ಕಡಿಮೆ ಹೋಗುತ್ತದೆ ಅಂತ ಯಾವ ಸೂಲಗಿತ್ತಿ ಹೇಳಿದಳೋ.

ಅಂಗನವಾಡಿಗೆ ಬನ್ನಿ. ಅಲ್ಲಿ ಅಮೃತಂ ಪುಡಿ ಸಿಗುತ್ತದೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ. ಆರು ತಿಂಗಳಿನಿಂದ ಮೂರು ವರ್ಷದ ಮಕ್ಕಳಿಗೆ. ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ತಯಾರಿಸುವ ಈ ಪುಡಿಯನ್ನು ಇಡೀ ಕೇರಳದ ಮಕ್ಕಳು ತಿನ್ನುತ್ತಾರೆ. ಅದರ ಪಾಕ ಹುಟ್ಟಿದ್ದು ನಮ್ಮ ಕಾಸರಗೋಡಿನಲ್ಲಿ, ತೆಂಗು ಸಂಶೋಧನೆಯ ಸಿಪಿಸಿಆರ್‌ಐಯಲ್ಲಿ. ನಮ್ಮ ಜಿಲ್ಲೆಯ ಬಗ್ಗೆ ತಿರುವನಂತಪುರಕ್ಕೆ ಹೇಳಿಕೊಳ್ಳಲು ಇರುವ ಕೆಲವೇ ಸಂಗತಿಗಳಲ್ಲಿ ಅದೂ ಒಂದು. 2025ರ ಜುಲೈ 1ರಿಂದ ಮನೆಗೆ ಒಯ್ಯುವ ಈ ಆಹಾರಕ್ಕೆ ಮುಖ ತೋರಿಸಬೇಕು. ಪೋಷಣ್ ಆ್ಯಪಿನಲ್ಲಿ ಆಧಾರ್ ಫೋಟೋದ ಮುಖಕ್ಕೂ ಬಂದ ತಾಯಿಯ ಮುಖಕ್ಕೂ ತಾಳೆ ಆಗಬೇಕು. ಆಧಾರ್ ಫೋಟೋದಲ್ಲಿ ಅವಳು ಮದುವೆಗೆ ಮುಂಚಿನ ಹುಡುಗಿ. ಈಗ ಹೆತ್ತು, ನಿದ್ದೆಗೆಟ್ಟು, ಕೆನ್ನೆ ಒಳಗೆ ಹೋಗಿದೆ. ಪುಷ್ಟಿ ಇಲ್ಲದ್ದಕ್ಕೆ ಮುಖ ಸೊರಗಿತು, ಮುಖ ಸೊರಗಿದ್ದಕ್ಕೆ ಪುಷ್ಟಿ ಸಿಗಲಿಲ್ಲ. ಹತ್ತು ವರ್ಷದಿಂದ ದಿನಾ ಅವಳನ್ನು ನೋಡುವ ಟೀಚರ್ ಎದುರಲ್ಲೇ ಕೂತಿದ್ದಾರೆ. ಅವರು ಗುರುತು ಹಿಡಿದರೆ ಲೆಕ್ಕಕ್ಕಿಲ್ಲ. ಫೋನ್ ಹಿಡಿಯಬೇಕು. ಫೋನಿಗೆ ರೇಂಜ್ ಬೇಕು. ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ರೇಂಜ್ ಸಿಗುವುದು ಗೇರುಮರದ ಬುಡದಲ್ಲಿ, ಅದೂ ಬಾಗಿ ನಿಂತರೆ.

ನ್ಯಾಯವಾಗಿ ಒಂದು ಮಾತು. ಈ ವ್ಯವಸ್ಥೆಯನ್ನು ಅಲ್ಲಾಡಿಸಿದವನೂ ಒಬ್ಬ ಮಗುವೇ. ಅಂಗನವಾಡಿಯ ಉಪ್ಪಿಟ್ಟು ಬೇಡ, ಬಿರಿಯಾಣಿ, ಪೊರಿಚ್ಚ ಕೋಳಿ, ಅಂದರೆ ಹುರಿದ ಕೋಳಿ ಬೇಕು ಅಂದ ಒಬ್ಬ ಪುಟಾಣಿಯ ವಿಡಿಯೋ 2025ರ ಆರಂಭದಲ್ಲಿ ಊರೆಲ್ಲ ಓಡಿತು. ಮಂತ್ರಿ ವೀಣಾ ಜಾರ್ಜ್ ಕೇಳಿಸಿಕೊಂಡರು. ಜೂನಿನಲ್ಲಿ ಹೊಸ ಮೆನು ಬಂತು, ಅದರಲ್ಲಿ ಮೊಟ್ಟೆ ಬಿರಿಯಾಣಿ. ಅರ್ಜಿ ಇಲ್ಲ, ಆದಾಯ ಪ್ರಮಾಣಪತ್ರ ಇಲ್ಲ, ಹೆಬ್ಬೆಟ್ಟು ಇಲ್ಲ. ಕೋಳಿ ಕೇಳಿದ್ದಕ್ಕೆ ಮೊಟ್ಟೆ ಕೊಟ್ಟಿದ್ದಾರೆ. ಕಾವು ಕೊಡುತ್ತಾ ಕೂತರೆ ಒಂದು ದಿನ ಕೋಳಿಯೂ ಆದೀತು.

ಮೊನ್ನೆ ಆ ಬೀಡಿ ಅಜ್ಜಿಯ ಮನೆ ಮುಂದೆ ಹಾದು ಹೋಗುತ್ತಿದ್ದೆ. ಅಂಗಳದಲ್ಲಿ ನಾಲ್ಕು ಮಕ್ಕಳು ರೇಷನ್ ಆಟ ಆಡುತ್ತಿದ್ದರು. ಗೆರಟೆಯಲ್ಲಿ ಮರಳು, ಅದು ಅಕ್ಕಿ. ಒಬ್ಬ ಹುಡುಗ ಅಂಗಡಿಯವನು. ಮೊಮ್ಮಗಳು ಮಷೀನು. ಕೈ ಚಾಚಿ, ಕಣ್ಣು ಮುಚ್ಚಿ ಕೂತಿದ್ದಳು. ಉಳಿದವರು ಸಾಲಾಗಿ ಬಂದು ಅವಳ ಅಂಗೈಗೆ ಬೆರಳು ಒತ್ತಬೇಕು.

‘ಇಲ್ಲ’ ಅಂದಳು. ಎರಡನೆಯವನಿಗೂ ‘ಇಲ್ಲ’. ಮೂರನೆಯದು ಪುಟ್ಟ ತಮ್ಮ, ಅಳುವ ಹಾಗಾಯಿತು.

‘ಒಂದು ಸಲ ಆದ್ರೂ ಉಂಟು ಅನ್ನೇ’ ಅಂತ ಅಂಗಡಿಯವನೇ ಬೇಡಿಕೊಂಡ.

ಮಷೀನು ಒಂದು ಕಣ್ಣು ತೆರೆಯಿತು. ‘ತಲೆಗೆ ಉಜ್ಜಿ ಬಾ’ ಅಂದಿತು.